ವೋಚರ್ ಇಲ್ಲದ ಚರಿತ್ರೆ

ಈ ಸಲದ ಗಣೇಶೋತ್ಸವದಲ್ಲಿ ನಮ್ಮ ಸಂಘದ ಪೆಂಡಾಲಿನ ಮೂಲೆಯಲ್ಲಿ ಪಂಚಕಜ್ಜಾಯ ಮೆಲ್ಲುತ್ತ ನಿಂತಿದ್ದೆ. ಯುವಕನೊಬ್ಬ ಬಂದು, "ಅಂಕಲ್, ಗುರುತು ಸಿಕ್ತಾ? ನಾನು ಸಣ್ಣವನಿದ್ದಾಗ ನೀವು ಸಂಘದಲ್ಲಿ ಚೀನಾ ಹಡಗಿನ ಬಗ್ಗೆ ಭಾಷಣ ಮಾಡಿದ್ರಲ್ಲ... ವಿಜಯನಗರ ನೋಡಿದ ಇಟಲಿಯವನು ಅದೇ ಹಡಗು ಹತ್ತಿ ಹೋದ ಕಥೆ! ಈಗ ನನ್ನ ಮಗನಿಗೂ ಅದನ್ನೇ ಹೇಳ್ತೀನಿ" ಅಂದ. ಪಕ್ಕದಲ್ಲಿ ಏಳು ವರ್ಷದ ಮಗ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಹಡಗು ನಿಮ್ಮ ಊರಿಗೂ ಬಂದಿತ್ತಾ?" ಅಂತ ಕೇಳಿದ.

ಪಂಚಕಜ್ಜಾಯ ಗಂಟಲಲ್ಲೇ ನಿಂತಿತು. ಯಾಕೆಂದರೆ ಆ ಕಥೆ ಸುಳ್ಳು. ಅದು ಸುಳ್ಳು ಅಂತ ನನಗೆ ಗೊತ್ತಾಗಿಯೇ ಇಪ್ಪತ್ತು ವರ್ಷದ ಹತ್ತಿರ ಬಂತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಬ್ಯಾಂಕಿನಲ್ಲಿ ಒಂದು ನಿಯಮ ಇದೆ. ಲೆಡ್ಜರಿನಲ್ಲಿ ತಪ್ಪು ಎಂಟ್ರಿ ಬಿದ್ದರೆ ಅದನ್ನು ಅಳಿಸುವ ಹಾಗಿಲ್ಲ. ಅದರ ಎದುರು ಇನ್ನೊಂದು ಎಂಟ್ರಿ ಹಾಕಿ, ಕಾರಣ ಬರೆದು, ಸಹಿ ಮಾಡಬೇಕು. ಇವತ್ತು ಆ ಕೆಲಸ ಮಾಡುತ್ತಿದ್ದೇನೆ ಅಂದುಕೊಳ್ಳಿ.

ಪುಸ್ತಕದ ಹೆಸರು '1421'. ಬರೆದವರು ಗೇವಿನ್ ಮೆಂಜೀಸ್, ಬ್ರಿಟಿಷ್ ನೌಕಾದಳದಲ್ಲಿ ಜಲಾಂತರ್ಗಾಮಿಯ ಕಮಾಂಡರ್ ಆಗಿ ನಿವೃತ್ತರಾದವರು. 2002ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಬರುವ ಮೊದಲೇ ಗದ್ದಲ. ಲೇಖಕರಿಗೆ ಐದು ಲಕ್ಷ ಪೌಂಡ್ ಮುಂಗಡ ಕೊಟ್ಟರಂತೆ, ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಉಪನ್ಯಾಸವಾಯಿತಂತೆ ಅಂತೆಲ್ಲ ಪತ್ರಿಕೆಗಳಲ್ಲಿ ಬಂತು. (ಅಲ್ಲಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದಿದ್ದು, ಸೊಸೈಟಿ ಕರೆದದ್ದಲ್ಲ ಅಂತ ನನಗೆ ತಿಳಿದದ್ದು ಬಹಳ ತಡವಾಗಿ.) ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು. 2003ರ ಅಕ್ಟೋಬರಿನಲ್ಲಿ ಚೀನಾದ ಆಗಿನ ಅಧ್ಯಕ್ಷ ಹು ಜಿಂಟಾವೊ ಅವರು ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ನಿಂತು, ಮಿಂಗ್ ಕಾಲದ ನಮ್ಮ ಹಡಗುಗಳು 1420ರ ದಶಕದಲ್ಲೇ ನಿಮ್ಮ ತೀರಕ್ಕೆ ಬಂದಿದ್ದವು ಎಂದು ಭಾಷಣ ಮಾಡಿದರು. ರಾಷ್ಟ್ರಾಧ್ಯಕ್ಷರೇ ಹೇಳಿದ ಮೇಲೆ ಡೊಂಬಿವಲಿಯ ಬ್ಯಾಂಕ್ ನೌಕರ ನಂಬದೆ ಇರುತ್ತಾನೆಯೇ?

ನಾನು ಅದನ್ನು ಕೊಂಡದ್ದು 2004ರಲ್ಲಿ, ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ. ಆಗ ಅಲ್ಲಿ ಪುಸ್ತಕದ ರಾಶಿಗಳು ಇರುತ್ತಿದ್ದವು, ಸಂಜೆ ಬ್ಯಾಂಕ್ ಬಿಟ್ಟು ವಿ.ಟಿ.ಗೆ ನಡೆಯುವಾಗ ಅಲ್ಲೊಂದು ಹತ್ತು ನಿಮಿಷ ನಿಲ್ಲದಿದ್ದರೆ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಲೋಕಲ್ ಟ್ರೇನಿನಲ್ಲಿ ನಾಲ್ಕನೇ ಸೀಟಿನ ಅಂಚಿನಲ್ಲಿ ಕೂತು ಓದಿದೆ. ಎರಡು ಸಲ ಡೊಂಬಿವಲಿ ದಾಟಿ ಕಲ್ಯಾಣಕ್ಕೆ ಹೋಗಿ ಇಳಿದೆ. ಅಷ್ಟು ರೋಚಕ!

ಕಥೆ ಇಷ್ಟು. 1421ರಲ್ಲಿ ಚೀನಾದ ಯೋಂಗ್ಲೆ ಚಕ್ರವರ್ತಿ ತನ್ನ ನೌಕಾಧಿಪತಿ ಝೆಂಗ್ ಹೆ ಕೈಕೆಳಗೆ ಭಾರಿ ಹಡಗುಗಳನ್ನು ಕಳಿಸುತ್ತಾನೆ. ಅವು ಕಲ್ಲಿಕೋಟೆಗೆ ಬಂದು, ಅಲ್ಲಿಂದ ಆಫ್ರಿಕಾದ ತುದಿ ಸುತ್ತಿ, ಕೊಲಂಬಸ್‌ಗಿಂತ ಎಪ್ಪತ್ತು ವರ್ಷ ಮೊದಲೇ ಅಮೆರಿಕ ಮುಟ್ಟುತ್ತವೆ. ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್... ಬಿಟ್ಟ ಜಾಗವೇ ಇಲ್ಲ. ಹಿಂದಿರುಗುವಷ್ಟರಲ್ಲಿ ಊರಿನಲ್ಲಿ ಗಾಳಿ ತಿರುಗಿದೆ, ದಾಖಲೆಗಳನ್ನೆಲ್ಲ ನಾಶ ಮಾಡುತ್ತಾರೆ, ಜಗತ್ತು ಮರೆತುಬಿಡುತ್ತದೆ. ಈ ಸುದ್ದಿಯನ್ನು ಯೂರೋಪಿಗೆ ಒಯ್ದವನು ಯಾರು ಗೊತ್ತೇ? ನಿಕೊಲೊ ಕೊಂಟಿ!

ಅದನ್ನು ಓದಿದಾಗ ನಾನು ಎದ್ದು ನಿಲ್ಲುವುದೊಂದು ಬಾಕಿ. "ವಿಜಯನಗರಕ್ಕೆ ಭೇಟಿ ಕೊಟ್ಟ ವಿದೇಶಿ ಪ್ರವಾಸಿಗರನ್ನು ಹೆಸರಿಸಿ", ಎರಡು ಅಂಕದ ಪ್ರಶ್ನೆ ನೆನಪಿದೆಯೇ? ನಿಕೊಲೊ ಕೊಂಟಿ, ಅಬ್ದುಲ್ ರಜಾಕ್, ಪಾಯೆಸ್, ನೂನಿಜ್. ನಾವು ಹೊನ್ನಾವರ ಕಡೆಯ ಹುಡುಗರು ಇದನ್ನು ಮಗ್ಗಿಯ ಹಾಗೆ ಹೇಳುತ್ತಿದ್ದೆವು. ಆ ಕೊಂಟಿ ಕಲ್ಲಿಕೋಟೆಯಲ್ಲಿ ಚೀನೀ ಹಡಗು ಹತ್ತಿ, ಆಸ್ಟ್ರೇಲಿಯಾ ನೋಡಿ, ಭೂಪಟಗಳನ್ನು ಇಟಲಿಗೆ ತಂದ, ಅದನ್ನು ಹಿಡಿದೇ ಕೊಲಂಬಸ್‌ನಂಥವರು ಹೊರಟರು ಅಂದರೆ! ನಮ್ಮ ಹಂಪೆಯೂ ಈ ಮಹಾಕಥೆಯಲ್ಲಿ ಪಾಲುದಾರ ಅಂತಾಯಿತಲ್ಲ.

2005ರ ಫೆಬ್ರವರಿಯಲ್ಲಿ ಸಂಘದ ತಿಂಗಳ ಕಾರ್ಯಕ್ರಮಕ್ಕೆ ಭಾಷಣಕಾರರು ಕೈಕೊಟ್ಟರು. "ನೀವೇ ಏನಾದ್ರೂ ಹೇಳಿ" ಅಂದರು ಕಾರ್ಯದರ್ಶಿಗಳು. ನಾನು ಮುಕ್ಕಾಲು ಗಂಟೆ ಹೊಡೆದೆ. ಚಪ್ಪಾಳೆಯೋ ಚಪ್ಪಾಳೆ. ಮಕ್ಕಳು ಬಾಯಿ ತೆರೆದು ಕೂತಿದ್ದರು.

ಚಹಾದ ಹೊತ್ತಿಗೆ ಹಿರಿಯರೊಬ್ಬರು ಹತ್ತಿರ ಬಂದರು. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ರಾತ್ರಿ ಶಾಲೆಯಲ್ಲಿ ಕನ್ನಡ, ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು. ನಮ್ಮ ಜಿಲ್ಲೆಯವರೇ. "ಚೆಂದ ಮಾತಾಡಿದೆ ತಮಾ. ಒಂದು ಹೇಳು, ಕೊಂಟಿ ಹಡಗು ಹತ್ತಿದೆ ಅಂತ ಎಲ್ಲಿ ಹೇಳಿದ್ದಾನೆ?"

"ಪುಸ್ತಕದಲ್ಲಿ ಇದೆಯಲ್ಲ ಮಾಸ್ತರೇ."

"ಮೆಂಜೀಸನ ಪುಸ್ತಕದಲ್ಲಿ ಇದ್ದು. ಕೊಂಟಿಯ ಪುಸ್ತಕದಲ್ಲಿ ಇದ್ದ?"

ಕೊಂಟಿಗೊಂದು ಪುಸ್ತಕ ಇರಬಹುದು, ಅದನ್ನು ಓದಬಹುದು ಅಂತಲೇ ನನಗೆ ಹೊಳೆದಿರಲಿಲ್ಲ ನೋಡಿ! ಎರಡು ಅಂಕಕ್ಕೆ ಹೆಸರು ಸಾಕಾಗಿತ್ತು. ಮುಂದಿನ ವಾರ ಮಾಸ್ತರು ತಮ್ಮ ಹಳೆಯ ಪ್ರತಿ ತಂದುಕೊಟ್ಟರು. ವಿಜಯನಗರದ ಮೇಲೆ ರಾಬರ್ಟ್ ಸೆವೆಲ್ 1900ರಲ್ಲಿ ಬರೆದ 'ಎ ಫರ್ಗಾಟನ್ ಎಂಪೈರ್'. ಅದರಲ್ಲಿ ವಿಜಯನಗರದ ಬಗ್ಗೆ ಕೊಂಟಿ ಹೇಳಿದ ಭಾಗ ಇದೆ. ಪೂರ್ತಿ ವೃತ್ತಾಂತ 1857ರಷ್ಟು ಹಿಂದೆಯೇ ಇಂಗ್ಲಿಷಿನಲ್ಲಿ ಬಂದಿದೆ, ಆಮೇಲೆ ಅದನ್ನೂ ಹುಡುಕಿ ಓದಿದೆ. ದೊಡ್ಡದೇನಲ್ಲ, ಹೋಗಿಬರುವ ಎರಡು ಟ್ರೇನಿನಲ್ಲಿ ಮುಗಿಯುತ್ತದೆ.

ಕೊಂಟಿ ವೆನಿಸ್ ಕಡೆಯ ವ್ಯಾಪಾರಿ. ಸುಮಾರು 25 ವರ್ಷ ಪೂರ್ವ ದೇಶಗಳಲ್ಲಿ ತಿರುಗಿದ. ದಾರಿಯಲ್ಲಿ ಜೀವ ಉಳಿಸಿಕೊಳ್ಳಲು ಕ್ರೈಸ್ತಧರ್ಮ ಬಿಡಬೇಕಾಯಿತು, ಊರಿಗೆ ಮರಳಿ ಪೋಪ್ ನಾಲ್ಕನೇ ಯುಜೀನನ ಕ್ಷಮೆ ಬೇಡಿದ. ಪೋಪನ ಕಾರ್ಯದರ್ಶಿ ಪೊಗ್ಗಿಯೊ ಬ್ರಾಚ್ಚೊಲೀನಿ ಅವನನ್ನು ಕೂರಿಸಿಕೊಂಡು, ಕೇಳಿ ಕೇಳಿ, ಲ್ಯಾಟಿನ್‌ನಲ್ಲಿ ಬರೆದಿಟ್ಟ. ವಿಜಯನಗರಕ್ಕೆ ಬಂದದ್ದು 1420ರ ಆಸುಪಾಸಿನಲ್ಲಿ, ಒಂದನೇ ದೇವರಾಯನ ಆಳ್ವಿಕೆಯ ಕೊನೆಯ ಹೊತ್ತಿಗೆ. ಊರಿನ ಸುತ್ತಳತೆ ಅರವತ್ತು ಮೈಲಿ, ಆಯುಧ ಹಿಡಿಯಬಲ್ಲವರು ತೊಂಬತ್ತು ಸಾವಿರ, ರಾಜನಿಗೆ ಹನ್ನೆರಡು ಸಾವಿರ ಹೆಂಡಿರು ಅಂತೆಲ್ಲ ಹೇಳುತ್ತಾನೆ. (ಕೊಂಟಿಯೂ ಸ್ವಲ್ಪ ಉದಾರವಾಗಿಯೇ ಲೆಕ್ಕ ಬರೆದವನು!) ದೀಪ ಹಚ್ಚುವ ಹಬ್ಬ, ಬೀದಿಯಲ್ಲಿ ಬಣ್ಣದ ನೀರು ಎರಚುವ ಹಬ್ಬ, ರಥೋತ್ಸವ, ಎಲ್ಲ ಇದೆ. ಕಲ್ಲಿಕೋಟೆಗೆ ಬಂದರೆ ಎಂಟು ಮೈಲಿ ಸುತ್ತಳತೆಯ ದೊಡ್ಡ ವ್ಯಾಪಾರದ ಊರು, ಮೆಣಸು, ಶುಂಠಿ, ಅರಗು ಸಿಗುತ್ತದೆ ಎನ್ನುತ್ತಾನೆ.

ಚೀನಾದ ನೌಕಾಪಡೆ? ಒಂದು ಸಾಲೂ ಇಲ್ಲ. ತಾನು ಅದನ್ನು ಹತ್ತಿದ್ದು? ಇಲ್ಲ. ಆಸ್ಟ್ರೇಲಿಯಾ? ಇಲ್ಲ. ಐದು ಕೂವೆಮರ, ಐದು ಪಟಗಳ, ತಳಕ್ಕೆ ಮೂರು ಪದರ ಹಲಗೆ ಹೊಡೆದ ದೊಡ್ಡ ಹಡಗುಗಳ ಮಾತು ಇದೆ ನಿಜ. ಆದರೆ ಅವನ್ನು ಈ ಕಡೆಯ ಜನ ಕಟ್ಟುತ್ತಾರೆ ಎನ್ನುತ್ತಾನೆಯೇ ಹೊರತು ಚೀನೀ ಚಕ್ರವರ್ತಿಯ ಹೆಸರಿಲ್ಲ. ಮೆಂಜೀಸ್ ಮಾಡಿದ್ದು ಇಷ್ಟೇ: 1421ರ ಸುಮಾರಿಗೆ ಕೊಂಟಿ ಇಂಡಿಯಾದಲ್ಲಿದ್ದ, 1421ರಲ್ಲಿ ಚೀನೀ ಹಡಗು ಕಲ್ಲಿಕೋಟೆಗೆ ಬಂತು, ಆದ್ದರಿಂದ ಇಬ್ಬರೂ ಭೇಟಿಯಾದರು, ಆದ್ದರಿಂದ ಅವನು ಹಡಗು ಹತ್ತಿದ. ಒಂದೇ ದಿನ ಇಬ್ಬರು ಗಿರಾಕಿಗಳು ಬ್ರಾಂಚಿಗೆ ಬಂದರೆ ಅವರದು ಜಾಯಿಂಟ್ ಅಕೌಂಟ್ ಅಂದ ಹಾಗೆ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಪುಸ್ತಕವನ್ನು ಮತ್ತೆ ಮೊದಲಿಂದ ಓದಿದೆ, ಈ ಸಲ ಕೈಯಲ್ಲಿ ಪೆನ್ಸಿಲ್. ಮೊದಲ ಓದಿನಲ್ಲಿ ಮಾರ್ಜಿನ್‌ನಲ್ಲಿ ನಾನೇ ಹಾಕಿದ ಟಿಕ್‌ಗಳು ಸಾಲುಸಾಲಾಗಿ ಕಂಡವು. ವೋಚರ್ ನೋಡದೆ ಟಿಕ್ ಹಾಕುವವನನ್ನು ನಾವು ಏನಂತ ಕರೆಯುತ್ತೇವೆ ಅಂತ ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಪುಟದಲ್ಲಿ "ಹೋಗಿರಬೇಕು" ಎಂದಿದ್ದದ್ದು ನಾಲ್ಕು ಪುಟ ಕಳೆದರೆ "ಹೋದರು" ಆಗಿರುತ್ತದೆ. ನಮ್ಮಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಇದೆ, ಯಾವ ಖಾತೆಗೆ ಸೇರಬೇಕು ಅಂತ ಗೊತ್ತಾಗದ ಹಣವನ್ನು ತಾತ್ಕಾಲಿಕವಾಗಿ ಇಡುವ ಜಾಗ. ಈ ಪುಸ್ತಕದಲ್ಲಿ ಸಸ್ಪೆನ್ಸ್ ಅಕೌಂಟಿನ ಮೊತ್ತವನ್ನೆಲ್ಲ ಎತ್ತಿ ಲಾಭಕ್ಕೆ ಬರೆದುಕೊಂಡಿದ್ದಾರೆ.

ಅದೇ ವರ್ಷ ಜುಲೈ 26ಕ್ಕೆ ಮುಂಬಯಿ ಮುಳುಗಿತು, ನಿಮಗೆಲ್ಲ ನೆನಪಿದೆ. ಆಮೇಲೆ ತಿಂಗಳುಗಟ್ಟಲೆ ಸಾಲದ ಫೈಲುಗಳಲ್ಲಿ ಒಂದೇ ಉತ್ತರ, "ಸಾಹೇಬರೇ, ಕಾಗದ ಎಲ್ಲ ನೀರುಪಾಲಾಯ್ತು." ಪಾಪ, ಹೆಚ್ಚಿನವರದು ನಿಜವೇ. ನಿಜವಾದವರ ಕಾಗದ ಒಂದಲ್ಲ ಒಂದು ಕಡೆ ನಕಲು ಸಿಗುತ್ತಿತ್ತು, ರಿಜಿಸ್ಟ್ರಾರ್ ಕಚೇರಿಯಲ್ಲೋ, ಮಾಲು ಕೊಟ್ಟ ವ್ಯಾಪಾರಿಯ ಪುಸ್ತಕದಲ್ಲೋ. ವ್ಯವಹಾರ ಅಂದಮೇಲೆ ಎರಡು ಕಡೆ ಇರುತ್ತದೆ. ಇಲ್ಲಿ ಖರ್ಚು ಬಿದ್ದರೆ ಅಲ್ಲಿ ಜಮಾ ಇರಲೇಬೇಕು. ಬಿ.ಕಾಂ. ಮೊದಲ ವರ್ಷದ ಮೊದಲ ಪಾಠ.

ಚೀನಾದ ದಾಖಲೆ ನಾಶವಾಯಿತು ಅಂತಲೇ ಇಟ್ಟುಕೊಳ್ಳೋಣ. ಆದರೆ ಪೂರ್ತಿ ನಾಶವಾಗಿಲ್ಲವಲ್ಲ! 1431ರಲ್ಲಿ, ಅಂದರೆ ಆ ಯಾತ್ರೆಯಾಗಿ ಹತ್ತು ವರ್ಷದ ಮೇಲೆ, ಕೊನೆಯ ಯಾನಕ್ಕೆ ಹೊರಡುವ ಮುನ್ನ ಝೆಂಗ್ ಹೆ ಸ್ವತಃ ನಿಲ್ಲಿಸಿದ ಶಾಸನ ಫೂಜಿಯಾನ್ ಪ್ರಾಂತದ ಚಾಂಗ್ಲೆಯಲ್ಲಿದೆ. ಅದರಲ್ಲಿ ತನ್ನ ಯಾತ್ರೆಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಒಟ್ಟು ಮೂವತ್ತಕ್ಕೂ ಹೆಚ್ಚು ದೇಶ ನೋಡಿದೆವು ಎನ್ನುತ್ತಾನೆ. 1421ರ ಬಗ್ಗೆ? ಹೊರ್ಮುಜ್ ಮೊದಲಾದ ದೇಶಗಳಿಂದ ಬಂದು ರಾಜಧಾನಿಯಲ್ಲಿ ಬಹಳ ಕಾಲ ಉಳಿದಿದ್ದ ರಾಯಭಾರಿಗಳನ್ನು ಅವರವರ ಊರಿಗೆ ಮುಟ್ಟಿಸಿದೆವು, ಅಷ್ಟೆ. ಹೊಸ ಖಂಡ ಕಂಡವನು ಕಲ್ಲಿನ ಮೇಲೆ ಅದನ್ನು ಬಿಟ್ಟು, ಅತಿಥಿಗಳನ್ನು ಮನೆಗೆ ಬಿಟ್ಟುಬಂದದ್ದನ್ನು ಮಾತ್ರ ಬರೆಸುತ್ತಾನೆಯೇ? ಆ ಹಡಗುಗಳಲ್ಲಿ ದುಭಾಷಿಯಾಗಿದ್ದ ಮಾ ಹುವಾನ್ ಬರೆದ ಪುಸ್ತಕವೂ ಉಳಿದಿದೆ. ಅದೇ 1421ರ ಯಾತ್ರೆಯಲ್ಲಿ ಝೌ ಎಂಬ ಅಧಿಕಾರಿ ಮೂರು ಹಡಗು ತೆಗೆದುಕೊಂಡು ಏಡನ್‌ಗೆ ಹೋಗಿ ರತ್ನ, ಹವಳ, ಜಿರಾಫೆ, ಸಿಂಹ ಖರೀದಿಸಿದ ವಿವರ ಅದರಲ್ಲಿದೆ.

ಅಮೆರಿಕದ ಕಡೆಯ ಜಮಾ ನೋಡಿದರೆ ಏನಿದೆ? ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ ಒಂದು ಹಳೆಯ ಕಲ್ಲಿನ ಗೋಪುರ ಇದೆ, ಅದನ್ನು ಕಟ್ಟಿದ್ದು ಚೀನೀಯರು ಎನ್ನುತ್ತದೆ ಪುಸ್ತಕ. ಆ ಊರಿನ ಬೆನೆಡಿಕ್ಟ್ ಆರ್ನಾಲ್ಡ್ ಎಂಬ ಗವರ್ನರ್ 1677ರ ತನ್ನ ಉಯಿಲಿನಲ್ಲಿ ಅದನ್ನು ತನ್ನ ಕಲ್ಲಿನ ಗಾಳಿಗಿರಣಿ ಅಂತ ಬರೆದಿಟ್ಟಿದ್ದಾನೆ. ಗಾರೆಯ ಪರೀಕ್ಷೆಯೂ ಹದಿನೇಳನೇ ಶತಮಾನವನ್ನೇ ತೋರಿಸಿತು. ರಾಬರ್ಟ್ ಫಿನ್ಲೆ ಎಂಬ ಇತಿಹಾಸಕಾರರು 2004ರಲ್ಲೇ 'ಜರ್ನಲ್ ಆಫ್ ವರ್ಲ್ಡ್ ಹಿಸ್ಟರಿ'ಯಲ್ಲಿ ಇಂಥವನ್ನು ಎಳೆಎಳೆಯಾಗಿ ಬಿಡಿಸಿದ್ದರು. ಅದಕ್ಕೆ ಜಾಹೀರಾತು ಇರಲಿಲ್ಲ, ಫುಟ್‌ಪಾತಿಗೂ ಬರಲಿಲ್ಲ.

ಈ ವಾದದ ರೀತಿ ಎಷ್ಟು ಸುಲಭ ನೋಡಿ. ನಮ್ಮ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಅಂತಾರೆ. ಸಿಹಿಗುಂಬಳದ ಮೂಲ ಅಮೆರಿಕ, ಇದು ಸಸ್ಯಶಾಸ್ತ್ರದವರೆಲ್ಲ ಒಪ್ಪುವ ಮಾತು. ಆದ್ದರಿಂದ? ಝೆಂಗ್ ಹೆ ಅಮೆರಿಕಕ್ಕೆ ಹೋಗಿ, ಬೀಜ ತಂದು, ಹೊನ್ನಾವರ ಬಂದರಿನಲ್ಲಿ ನಮ್ಮ ಆಯಿಯ ಅಜ್ಜಿಯ ಅಜ್ಜಿಗೆ ಕೊಟ್ಟ! ಇನ್ನೊಂದು ಪುಸ್ತಕಕ್ಕೆ ಸಾಮಗ್ರಿ ರೆಡಿ. ನಿಜ ಅಂದರೆ, ಆ ಕಾಯಿ ಪೋರ್ಚುಗೀಸರು ಈ ತೀರಕ್ಕೆ ಬಂದ ಮೇಲೆ ಬಂದದ್ದು. ಹೆಸರಿಗೂ ಹುಟ್ಟಿಗೂ ಸಂಬಂಧ ಇರಲೇಬೇಕೆಂದಿಲ್ಲ.

ಇಷ್ಟೇ ಆಗಿದ್ದರೆ ನೂರೈವತ್ತು ರೂಪಾಯಿ ಹೋಯಿತು ಅಂತ ಸುಮ್ಮನಾಗುತ್ತಿದ್ದೆ. ನನಗೆ ನಿಜವಾಗಿ ಬೇಸರವಾದದ್ದು ಬೇರೆ ಕಾರಣಕ್ಕೆ. ಸುಳ್ಳಿನ ಗದ್ದಲದಲ್ಲಿ ಪಕ್ಕದಲ್ಲೇ ಇದ್ದ ನಿಜದ ಕಥೆ ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಯಾವ ಕಟ್ಟುಕಥೆಗೂ ಕಡಿಮೆಯಿಲ್ಲ.

ಝೆಂಗ್ ಹೆ ಹುಟ್ಟಿದ್ದು 1371ರಲ್ಲಿ, ಸಮುದ್ರದಿಂದ ದೂರದ ಯುನ್ನಾನ್‌ನಲ್ಲಿ, ಮುಸ್ಲಿಂ ಮನೆತನದಲ್ಲಿ. ಹತ್ತು ವರ್ಷದ ಹುಡುಗನನ್ನು ಮಿಂಗ್ ಸೈನ್ಯ ಸೆರೆಹಿಡಿದು, ನಪುಂಸಕನನ್ನಾಗಿ ಮಾಡಿ, ರಾಜಕುಮಾರನೊಬ್ಬನ ಸೇವೆಗೆ ಹಾಕಿತು. ಆ ರಾಜಕುಮಾರನೇ ಮುಂದೆ ಯೋಂಗ್ಲೆ ಚಕ್ರವರ್ತಿಯಾದ, ಹುಡುಗ ನೌಕಾಧಿಪತಿಯಾದ. 1405ರಿಂದ 1433ರೊಳಗೆ ಏಳು ಯಾತ್ರೆಗಳು. ಮೊದಲನೆಯದರಲ್ಲೇ 27 ಸಾವಿರಕ್ಕೂ ಹೆಚ್ಚು ಜನ. ಏಳಕ್ಕೆ ಏಳೂ ಸಲ ಕಲ್ಲಿಕೋಟೆಗೆ ಹಡಗು ಬಂತು. ಇವರೆಲ್ಲ ಶಾಂತಿದೂತರೇನೂ ಅಲ್ಲ, ಸಿಂಹಳದ ದೊರೆಯನ್ನೇ ಸೆರೆಹಿಡಿದು ಚೀನಾಕ್ಕೆ ಒಯ್ದವರು. ಅದೇ ಸಿಂಹಳದ ಗಾಲೆಯಲ್ಲಿ ಇವರ ಕಲ್ಲೊಂದು 1911ರಲ್ಲಿ ಸಿಕ್ಕಿತು. ಮೋರಿಯ ಮೇಲೆ ಮಗುಚಿ ಹಾಸಿದ್ದ ಕಲ್ಲು! ತಿರುಗಿಸಿದರೆ 1409ರ ಬರಹ, ಮೂರು ಭಾಷೆಯಲ್ಲಿ. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿನ ರೂಪವಾದ ತೆನವರೈ ನಾಯನಾರ್‌ಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಕಾಣಿಕೆಯ ಪಟ್ಟಿ. ಮೂವರಿಗೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಇದು ನೋಡಿ ವೋಚರ್ ಅಂದರೆ. ಇನ್ನೂ ಕೊಲಂಬೊ ಮ್ಯೂಸಿಯಮ್ಮಿನಲ್ಲಿದೆ.

ಬ್ಯಾಂಕಿನವನಾದ ನನಗೆ ರೋಮಾಂಚನ ಕೊಟ್ಟದ್ದು ಮಾತ್ರ ಮಾ ಹುವಾನ್‌ನ ಕಲ್ಲಿಕೋಟೆಯ ಅಧ್ಯಾಯ. ಚೀನೀ ಹಡಗು ಬಂದರೆ ಅಲ್ಲಿನ ರಾಜನ ಅಧಿಕಾರಿಗಳು, ವ್ಯಾಪಾರಿಗಳು, ಒಬ್ಬ ಲೆಕ್ಕದವನು, ಒಬ್ಬ ದಲ್ಲಾಳಿ ಕೂತು ರೇಷ್ಮೆಗೆ ಒಂದೊಂದಾಗಿ ಬೆಲೆ ಕಟ್ಟುತ್ತಾರೆ. ಬೆಲೆ ನಿಂತ ಮೇಲೆ ಎಲ್ಲರೂ ಕೈಗೆ ಕೈ ಸೇರಿಸುತ್ತಾರೆ. ಇಂಥ ತಿಂಗಳು ಇಂಥ ದಿನ ಕೈ ಸೇರಿಸಿದ್ದೇವೆ, ಮುಂದೆ ಬೆಲೆ ಏರಲಿ ಇಳಿಯಲಿ ಈ ಮಾತು ಬದಲಿಲ್ಲ ಅಂತ ದಲ್ಲಾಳಿ ಸಾರುತ್ತಾನೆ. ಪತ್ರವನ್ನೂ ಬರೆದು ಇಟ್ಟುಕೊಳ್ಳುತ್ತಾರೆ. ಚೀನೀಯರ ಮಣಿಚೌಕಟ್ಟು ಅಲ್ಲಿಲ್ಲ. ಕಲ್ಲಿಕೋಟೆಯವರು ಎರಡು ಕೈ, ಎರಡು ಕಾಲಿನ ಇಪ್ಪತ್ತು ಬೆರಳುಗಳಲ್ಲೇ ಲೆಕ್ಕ ಮಾಡುತ್ತಾರೆ, ಒಂದಿಷ್ಟೂ ತಪ್ಪುವುದಿಲ್ಲ ಅಂತ ಅವನು ಬೆರಗಾಗಿ ಬರೆಯುತ್ತಾನೆ.

ಆರುನೂರು ವರ್ಷದ ಹಿಂದೆ ನಮ್ಮ ಪಶ್ಚಿಮ ತೀರದಲ್ಲಿ ಒಬ್ಬ ಲೆಕ್ಕದವನು ಕಾಲ್ಬೆರಳಲ್ಲಿ ಎಣಿಸಿ ಚೀನೀ ಚಕ್ರವರ್ತಿಯ ಜೊತೆ ವ್ಯವಹಾರ ಟ್ಯಾಲಿ ಮಾಡಿದ! ಇದರ ಮುಂದೆ ಅಂಟಾರ್ಕ್ಟಿಕಾ ಯಾರಿಗೆ ಬೇಕು? ಎದುರು ಕಡೆಯ ಗುರುತೂ ಇದೆ. ಕೊಂಟಿಯ ಇಪ್ಪತ್ತು ವರ್ಷದ ನಂತರ, 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿನ ಮೇಲಾಗಿ ವಿಜಯನಗರಕ್ಕೆ ಹೋದ ಅಬ್ದುಲ್ ರಜಾಕ್, ಕಲ್ಲಿಕೋಟೆಯ ಧೀರ ನಾವಿಕರಿಗೆ 'ಚೀನಿ ಬಚ್ಚಗಾನ್', ಅಂದರೆ ಚೀನೀ ಮಕ್ಕಳು ಎಂಬ ಹೆಸರಿತ್ತು ಎಂದು ಬರೆದಿದ್ದಾನೆ. ಎರಡೂ ಕಡೆ ಎಂಟ್ರಿ ಇದೆ, ಲೆಕ್ಕ ಕೂಡುತ್ತದೆ.

ಹಾಗಿದ್ದರೆ ನಾನು ಯಾಕೆ ಬಿದ್ದೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ಸುಳ್ಳು ನನಗೆ ಬೇಕಾಗಿತ್ತು. ಬಿಳಿಯರಿಗಿಂತ ಮೊದಲು ಏಷ್ಯಾದವರು ಅನ್ನುವಾಗ ಒಂದು ಖುಷಿ ಇದೆಯಲ್ಲ, ಆ ಖುಷಿಗೆ ನಾನು ಸಾಲ ಮಂಜೂರು ಮಾಡಿದೆ, ಜಾಮೀನು ಕೇಳಲಿಲ್ಲ. ಅದರಲ್ಲಿ ಹಂಪೆಯ ಹೆಸರೂ ಸೇರಿದ ಮೇಲಂತೂ ಕಣ್ಣುಮುಚ್ಚಿ ಸಹಿ. ಪರಊರಿನಲ್ಲಿ ಇರುವವರಿಗೆ ಈ ದೌರ್ಬಲ್ಯ ಸ್ವಲ್ಪ ಜಾಸ್ತಿಯೇ ಇರಬೇಕು. ಇವತ್ತು ಮೊಬೈಲಿನಲ್ಲಿ ಬೆಳಗಾದರೆ ಬರುವ "ನಮ್ಮವರೇ ಮೊದಲು" ಅನ್ನುವ ಸಂದೇಶಗಳನ್ನು ಕಂಡಾಗಲೆಲ್ಲ ನನ್ನ 2005ರ ಭಾಷಣ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಮೆಂಜೀಸ್ 2020ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ಇದೇ ಧಾಟಿಯ ಇನ್ನೂ ಕೆಲವು ಪುಸ್ತಕ ಬರೆದಿದ್ದರು. ನಾನು ಓದಲಿಲ್ಲ. ನಮ್ಮ ಮಾಸ್ತರೂ ಈಗಿಲ್ಲ. "ಸಂಘದಲ್ಲಿ ಒಂದು ದಿನ ತಿದ್ದಿ ಹೇಳ್ತೇನೆ" ಅಂತ ಅವರಿಗೆ ಮಾತು ಕೊಟ್ಟಿದ್ದೆ. ಮೊದಲು ಪ್ರಮೋಷನ್, ಆಮೇಲೆ ವರ್ಗಾವಣೆ, ಆಮೇಲೆ ನಾಚಿಕೆ. ಕೈ ಸೇರಿಸಿದ ಮೇಲೆ ಮಾತು ಬದಲಿಸದ ಜನರ ಬಗ್ಗೆ ಓದಿಕೊಂಡು ನಾನು ಮಾಡಿದ್ದು ಇದು.

ಪೆಂಡಾಲಿನಲ್ಲಿ ಆ ಯುವಕನಿಗೆ ನಿಜ ಹೇಳಿದೆ. ಮೊದಲು ನಕ್ಕ, ಆಮೇಲೆ ಮುಖ ಸಣ್ಣದಾಯಿತು. "ಹಾಗಾದ್ರೆ ಇಷ್ಟು ವರ್ಷ..." ಅಂತ ನಿಲ್ಲಿಸಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗನಿಗೆ ಮಾತ್ರ ನಮ್ಮಿಬ್ಬರ ಸಂಕಟ ತಿಳಿಯಲಿಲ್ಲ. ಕಾಲ್ಬೆರಳಲ್ಲಿ ಲೆಕ್ಕ ಮಾಡುವವರ ಕಥೆ ಹೇಳಿದೆ. ಅವನು ಅಲ್ಲೇ ಚಪ್ಪಲಿ ಬಿಚ್ಚಿ ಕೂತು, ಹದಿನೇಳಕ್ಕೆ ಎಂಟು ಕೂಡಿಸಲು ಹೊರಟು, ಇಪ್ಪತ್ತಕ್ಕೆ ಬೆರಳು ಮುಗಿದು, "ಅವರು ಇಪ್ಪತ್ತರ ಮೇಲೆ ಹೇಗೆ ಎಣಿಸ್ತಿದ್ರು?" ಅಂತ ಕೇಳಿದ.

ಒಳ್ಳೆಯ ಪ್ರಶ್ನೆ. ನಾನು ಅವತ್ತು ಮಾಸ್ತರಿಗೆ ಕೇಳಬೇಕಾಗಿದ್ದಂಥದ್ದು.